ಹಸಿ ಗಾರೆಯ ಟೆರಿ ಮತ್ತು ನಯನಳ ಎಡಗಿವಿ

ಬಿಳಿಗೆರೆ, ತಿಪಟೂರು ತಾಲ್ಲೂಕು
9 ಜೂನ್ 2024

ಚಿ॥ ನಯನಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಕ್ಷೇಮ. ನಿಮ್ಮಮ್ಮ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಗೊರಕೆ ಹೊಡೆಯುತ್ತಾಳೆ. ನನಗೆ ಮಾತ್ರ ನೀನು ವಿಮಾನ ಹತ್ತಿದಾಗಿನಿಂದ ನಡುರಾತ್ರಿ ಎದ್ದು ಅಂಗಳ ಸುತ್ತುವುದೇ ಕೆಲಸ.

ನೀನಿರುವ ಕಣಿವೆಯಲ್ಲಿ ಫೋನ್ ಸಿಗುವುದಿಲ್ಲ, ಭಾನುವಾರ ಪೇಟೆಗೆ ಹೋದಾಗ ಮಾತ್ರ ಮಾತು ಎಂದೆ. ಹೋದ ಭಾನುವಾರ ಮಾತಾಡಿದೆವಲ್ಲ, ಎರಡು ನಿಮಿಷಕ್ಕೆ ಜಗಳ ಆಯಿತು. ನಾನು ಕೂಗಿದೆ, ನೀನು ಕಟ್ ಮಾಡಿದೆ. ಅದಕ್ಕೇ ಈ ಪತ್ರ. ಪತ್ರವನ್ನು ಯಾರೂ ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲ.

ನನಗೆ ಗೊತ್ತಿರುವುದು ಇಷ್ಟು. ಟೆರಿ ಆಲ್ಡ್‌ಕ್ರಾಫ್ಟ್ ಎನ್ನುವವರು ಆ ದೇಶದ ಹೆಸರಾಂತ ಸಂಗೀತಗಾರರು, ವಯಸ್ಸಾಗಿದೆ. ಬೆರಳು ಮಡಚಿಕೊಂಡು ಗಿಟಾರ್ ನುಡಿಸಲು ಆಗುತ್ತಿಲ್ಲ. ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ನೀನು ಅವರ ಹಾಡು ನುಡಿಸಿದ್ದನ್ನು ಮೊಬೈಲಿನಲ್ಲಿ ನೋಡಿ, ಅವರ ಕೊನೆಯ ಸುತ್ತಾಟದ ಕಚೇರಿಗಳಿಗೆ ಅವರ ಬದಲು ನುಡಿಸು ಎಂದು ಕರೆಸಿಕೊಂಡಿದ್ದಾರೆ. ಸರಿ. ನಿನ್ನ ಯೋಗ್ಯತೆಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಒಂದು ಕೇಳಬೇಕು. ಎಡಗಿವಿಯ ವಿಷಯ ಅವರಿಗೆ ಹೇಳಿದ್ದೀಯಾ? ಎರಡನೇ ಕ್ಲಾಸಿನಲ್ಲಿ ಮಂಗನಬಾವು ಬಂದಾಗ ಹೋದ ಕಿವಿ, ಇನ್ನು ಬರುವುದಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ ಕಿವಿ. ಸಂಗೀತದ ಮನೆಯಲ್ಲಿ ಅದು ಸಣ್ಣ ಮಾತಲ್ಲ.

ಈ ಸಲ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಚೆನ್ನಾಗಿ ಒಣಗುತ್ತಿದೆ. ಬಿಸಿನೀರು ಕುಡಿ. ಹೊರಗೆ ಹೋದರೆ ತಲೆಗೆ ಏನಾದರೂ ಕಟ್ಟಿಕೋ.

ನಿದ್ದೆಗೆಟ್ಟಿರುವ ನಿನ್ನ ಅಪ್ಪ,
ರವೀಂದ್ರ


ಯಾರ್ಕ್‌ಷೈರ್
24 ಜೂನ್ 2024

ಅಪ್ಪಾ,

ನಿನ್ನ ಪತ್ರ ಟೆರಿಯೇ ತಂದುಕೊಟ್ಟರು. ಲಕೋಟೆಯ ಮೇಲಿನ ಕನ್ನಡ ಅಕ್ಷರಗಳನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲಾ ಗುಂಡುಗುಂಡಗಿದೆ, ನಿಮ್ಮಪ್ಪ ಒಳ್ಳೆಯವನಿರಬೇಕು" ಎಂದರು. ಅಷ್ಟು ಬೇಗ ತೀರ್ಮಾನ ಬೇಡ ಎಂದೆ.

ನಾವಿರುವುದು ಮುಚ್ಚಿಹೋದ ಹಳೆಯ ಉಣ್ಣೆ ಮಿಲ್ಲಿನಲ್ಲಿ. ನಾಲ್ಕು ಜನ. ಟೆರಿ, ಡ್ರಮ್ ಬಾರಿಸುವ ಗ್ರೇಸ್, ಲೆಕ್ಕಾಚಾರ ನೋಡುವ ಮ್ಯಾನೇಜರ್, ನಾನು. ಅಭ್ಯಾಸದ ಹೊತ್ತಿಗೆ ಫೋನನ್ನು ಬಾಗಿಲ ಹೊರಗಿನ ಡಬ್ಬಿಯಲ್ಲಿ ಹಾಕಿಡಬೇಕು.

ಅವರು ಯಾರು ಎಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಟೆರಿ ಲೀಡ್ಸ್ ಊರಿನ ಗಾರೆ ಕೆಲಸದವರ ಮಗ. ಅವರು ಹುಡುಗರಾಗಿದ್ದಾಗ ಅಲ್ಲಿ ಪಂಕ್ ಎಂಬ ಸಂಗೀತ ಎದ್ದಿತ್ತು. ಕೆಲಸವಿಲ್ಲದ ಹುಡುಗರ ಸಿಟ್ಟು, ಕಿರುಚಾಟ, ಎರಡು ನಿಮಿಷಕ್ಕೆ ಹಾಡು ಮುಗಿಯಿತು. ಆ ಬೆಂಕಿ ಬೇಗ ಆರಿತು. ಆಮೇಲೆ ಅದೇ ಸಿಟ್ಟನ್ನು ನಿಧಾನವಾಗಿ, ಕಿರುಚದೆ, ನಡುನಡುವೆ ಖಾಲಿ ಜಾಗ ಬಿಟ್ಟು ನುಡಿಸಿದವರು ಕೆಲವರು ಬಂದರು. ಅದನ್ನೇ ಪೋಸ್ಟ್-ಪಂಕ್ ಅನ್ನುವುದು. ಟೆರಿ ಮತ್ತು ಮೂವರು ಗೆಳೆಯರು ಕಟ್ಟಿದ ತಂಡದ ಹೆಸರು 'ವೆಟ್ ಪ್ಲಾಸ್ಟರ್', ಅಂದರೆ ಹಸಿ ಗಾರೆ. ಬೇಸ್ ಗಿಟಾರ್ ಅಂದರೆ ಹಿಂದೆ ನಿಂತು ಗುಂಯ್‌ಗುಟ್ಟುವ ವಾದ್ಯ ಎಂದುಕೊಂಡಿದ್ದರು ಎಲ್ಲರೂ. ಟೆರಿ ಅದನ್ನೇ ಮುಂದಕ್ಕೆ ತಂದು, ಉಳಿದವರನ್ನು ಸುಮ್ಮನಿರಿಸಿದರು. ಈಗ ನಾನು ನುಡಿಸುವುದೂ ಅದನ್ನೇ. ಎರಡೇ ರೆಕಾರ್ಡು. ಮಾರಾಟವಾಗಿದ್ದು ಕಡಿಮೆ. ಆದರೆ ಅದನ್ನು ಕೊಂಡವರೆಲ್ಲ ಮನೆಗೆ ಹೋಗಿ ತಾವೂ ಒಂದು ತಂಡ ಕಟ್ಟಿದರು ಅನ್ನುವ ಮಾತಿದೆ. ಇವತ್ತು ದೊಡ್ಡ ಮೈದಾನ ತುಂಬಿಸುವವರೂ ಇವರ ಹೆಸರು ಹೇಳುತ್ತಾರೆ. ಇವರು ಮಾತ್ರ ಇಪ್ಪತ್ತು ವರ್ಷ ಸಿಟಿ ಬಸ್ಸು ಓಡಿಸಿದರು.

ಕಿವಿಯ ವಿಷಯ ಹೇಳಿಲ್ಲ. ಹೇಳುವುದೂ ಇಲ್ಲ. ಬಲಗಿವಿ ಇದೆ, ಕಣ್ಣಿದೆ, ಸಾಕು. ಸ್ಕೂಲಿನಲ್ಲಿ ಮೇಷ್ಟರ ತುಟಿ ನೋಡಿಕೊಂಡೇ ಪಾಠ ಒಪ್ಪಿಸಿದವಳು ನಾನು. ಈ ಜನ ನನ್ನನ್ನು 'ಪಾಪ, ಒಂದು ಕಿವಿ ಇಲ್ಲದ ಹುಡುಗಿ' ಎಂದು ನೋಡುವುದು ನನಗೆ ಬೇಡ. ಮೊದಲ ಕಚೇರಿ ಸೆಪ್ಟೆಂಬರ್ ಕೊನೆಗೆ, ಲೀಡ್ಸ್‌ನಲ್ಲಿ. ಅದು ಮುಗಿಯಲಿ, ಆಮೇಲೆ ನೋಡೋಣ.

ಅಮ್ಮನಿಗೆ ಹೇಳು, ಚಟ್ನಿಪುಡಿ ಮುಗಿಯಿತು. ಗ್ರೇಸ್ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದಳು.

ನಿನ್ನ
ನಯನ


ಬಿಳಿಗೆರೆ
10 ಜುಲೈ 2024

ಚಿ॥ ನಯನಳಿಗೆ ಆಶೀರ್ವಾದ.

ನಿನ್ನ ಪತ್ರವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. "ಬಸ್ ಓಡಿಸ್ತಿದ್ರಾ? ಅಂಗಾದ್ರೆ ನಂಬಬೋದು ಬುಡ್ರಿ" ಅಂದಳು. ಅವಳಿಗೇನು, ಎಲ್ಲವೂ ಸುಲಭ.

ನಾನು ಸುಮ್ಮನೆ ಕೂರುವ ಜಾತಿಯಲ್ಲ. ನಮ್ಮಲ್ಲಿ ಹೆಣ್ಣು ಕೊಡುವಾಗ ಗಂಡಿನ ಕಡೆಯ ಪೂರ್ವಾಪರ ವಿಚಾರಿಸುವುದಿಲ್ಲವೇ, ಹಾಗೆ ಟೆರಿಯವರನ್ನೂ ವಿಚಾರಿಸಿದೆ. ತಿಪಟೂರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಮ್ಮ ಪಕ್ಕದ ಮನೆಯ ಯೋಗಿತಾ ಕಂಪ್ಯೂಟರಿನಲ್ಲಿ ಓದಿ ಓದಿ ಹೇಳಿದಳು. ನಯನ, ಆ ಮನುಷ್ಯನ ಚರಿತ್ರೆ ನೋಡಿದ್ದೀಯೇನಮ್ಮಾ? ಹಸಿ ಗಾರೆ ತಂಡ ಅಮೆರಿಕಕ್ಕೆ ಹೊರಡುವ ಹಿಂದಿನ ದಿನ, ಒಲ್ಲೆ ಎಂದು ಮನೆಗೆ ಹೋದರಂತೆ. ಟಿಕೆಟ್ಟು ತೆಗೆದಾಗಿತ್ತು! ಆಮೇಲೆ ಇನ್ನೊಂದು ತಂಡ ಕಟ್ಟಿ ಅದನ್ನು ಹಾಡಿನ ಮಧ್ಯದಲ್ಲೇ ನಿಲ್ಲಿಸಿ ಇಳಿದು ಹೋದರು. ಮೂರನೆಯದೂ ಹಾಗೇ. ಎಲ್ಲ ಚೆನ್ನಾಗಿ ನಡೆಯುವಾಗಲೇ ಪಕ್ಕದವನ ಹತ್ತಿರ ಹೋಗಿ "ನಿಲ್ಲಿಸು" ಅನ್ನುವುದು, ಎಲ್ಲರೂ ನಿಲ್ಲಿಸುವುದು, ಇವರು ಹೊರಟುಹೋಗುವುದು. ಇದು ಅವರ ಇಡೀ ಜೀವನ. ಒಂದು ಮನೆಯಲ್ಲಿ ಮೂರು ಸಲ ನಿಶ್ಚಿತಾರ್ಥ ಮುರಿದಿದೆ ಎಂದರೆ ನಾವು ಆ ಬೀದಿಗೇ ಹೋಗುವುದಿಲ್ಲ.

ಹಾಡನ್ನೂ ಕೇಳಿದೆವು. ನಿಮ್ಮಮ್ಮ, "ಇದೇನು, ಬೋರ್ ಮೋಟ್ರು ಕೆಟ್ಟೈತಾ?" ಅಂದಳು. ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಯೋಗಿತಾ ಅರ್ಥ ಬಿಡಿಸಿದಳು. ಮಿಲ್ಲು ಮುಚ್ಚಿದ ಮೇಲೂ ಬೆಳಗಾದರೆ ಎದ್ದು, ಬುತ್ತಿ ಕಟ್ಟಿಸಿಕೊಂಡು, ಬಸ್ ಸ್ಟಾಪಿನಲ್ಲಿ ನಿಂತು ವಾಪಸ್ಸು ಬರುವ ಒಬ್ಬನ ಹಾಡಂತೆ. ನಿಮ್ಮ ಸೋದರಮಾವ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿ ಕೆಲಸದಿಂದ ರಿಟೈರ್ ಆದ ಮೇಲೆ ಸೈರನ್ ಕೂಗುವ ಹೊತ್ತಿಗೆ ಎದ್ದು ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದನಲ್ಲ, ಅವನ ನೆನಪಾಯಿತು. ಇನ್ನೊಂದು ಸಲ ಹಾಕು ಎಂದೆ. ಆ ಮನುಷ್ಯ ದೊಡ್ಡ ಕಲಾವಿದ, ಒಪ್ಪಿದೆ. ಆದರೆ ದೊಡ್ಡ ಕಲಾವಿದರ ಕೈಗೆ ಮಗಳನ್ನು ಒಪ್ಪಿಸಿ ಕೂರುವುದು ಹೇಗೆ?

ಅದಕ್ಕೇ ಹೇಳುತ್ತೇನೆ, ಕಿವಿಯ ವಿಷಯ ನೀನೇ ಹೇಳಿಬಿಡು. ಕೈ ಬಿಡುವುದಕ್ಕೆ ನೆಪ ಹುಡುಕುವವರ ಕೈಗೆ ನಾವೇ ನೆಪ ಕೊಡಬಾರದು. ನಿನ್ನ ಭೂತಮ್ಮತ್ತೆಗೆ ಇರುಳುಗಣ್ಣು. ತಾತ ಅದನ್ನು ಮುಚ್ಚಿಡಲಿಲ್ಲ. ಒಪ್ಪಿತಾಂಬೂಲಕ್ಕೆ ಮುಂಚೆಯೇ, "ನೋಡ್ರಪ್ಪ, ಕತ್ಲಾದ್ರೆ ನಮ್ ಹುಡ್ಗಿಗೆ ಕಣ್ ಕಾಣಲ್ಲ, ಒಪ್ಪಿಗೆ ಇದ್ರೆ ಕುಂತ್ಕಳಿ" ಎಂದರು. ಮೊದಲು ಬಂದವರು ಎದ್ದು ಹೋದರು. ಎರಡನೆಯವರು ಕುಳಿತರು. ಇವತ್ತಿಗೂ ಮಾವ ಸಂಜೆಯಾದರೆ ಅವಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಾರೆ. ಕೌಟು ಬಂದ ಕೊಬ್ಬರಿಯನ್ನು ಚೀಲದ ತಳಕ್ಕೆ ಹಾಕಿ ಮಾರಿದ ಮನೆ ನಮ್ಮದಲ್ಲ.

ನಿನ್ನ ಅಪ್ಪ,
ರವೀಂದ್ರ


ಯಾರ್ಕ್‌ಷೈರ್
28 ಜುಲೈ 2024

ಅಪ್ಪಾ,

ಬೇಗ ಬರೆಯುತ್ತಿದ್ದೇನೆ, ಅಂಚೆ ಗಾಡಿ ಬರುವ ಹೊತ್ತಾಯಿತು.

ಇಲ್ಲಿ ಸರಿಯಿಲ್ಲ. ಗ್ರೇಸ್‌ಳ ಡ್ರಮ್ಮನ್ನು ನನ್ನ ಎಡಕ್ಕೆ ಇಟ್ಟಿದ್ದಾರೆ. ಟೆರಿಯೂ ಎಡಕ್ಕೇ ನಿಲ್ಲುತ್ತಾರೆ. ಮೈಕು ಬಿಟ್ಟು ಬಾಯಲ್ಲೇ "ಈಗ", "ಇನ್ನೊಂದು ಸುತ್ತು", "ಬಿಡು" ಎಂದು ಹೇಳುವುದು ಅವರ ಅಭ್ಯಾಸ. ತುಟಿ ಕಂಡರೆ ಹಿಡಿದುಕೊಳ್ಳುತ್ತೇನೆ. ತಂತಿಯ ಕಡೆ ಕಣ್ಣು ಹೋದರೆ ತಪ್ಪಿಸಿಕೊಳ್ಳುತ್ತೇನೆ. ನಿನ್ನೆ ಮೂರು ಸಲ ತಪ್ಪಿತು. ಟೆರಿ ಹೊರಗೆ ಹೋಗಿ ಹೊಳೆಯ ಹತ್ತಿರ ನಿಂತುಬಿಟ್ಟರು. ಮ್ಯಾನೇಜರ್ ನನ್ನನ್ನು ನೋಡಿದ ನೋಟ ಇತ್ತಲ್ಲ, ಅಪ್ಪ, ಮಾರ್ಕೆಟ್ಟಿನಲ್ಲಿ ಕೊಬ್ಬರಿ ಮೂಸಿ ನೋಡಿ ಪಕ್ಕಕ್ಕೆ ಇಡುತ್ತಾರಲ್ಲ, ಹಾಗಿತ್ತು.

ನನಗೆ ಈ ಜಾಗ ಬೇಕು. ಇಷ್ಟು ಬೇಕು ಎಂದು ಇಲ್ಲಿಗೆ ಬರುವ ತನಕ ನನಗೇ ಗೊತ್ತಿರಲಿಲ್ಲ. ಅವರ ಆ ಬಸ್ ಸ್ಟಾಪಿನ ನಿಧಾನದ ಹಾಡನ್ನು ನುಡಿಸುವಾಗ ಅಷ್ಟು ಹೊತ್ತೂ ನನಗೆ ಯಾವ ಭಯವೂ ಇರುವುದಿಲ್ಲ. ಉಳಿದ ಹೊತ್ತೆಲ್ಲ ಭಯವೇ.

ಭೂತಮ್ಮತ್ತೆಯ ಕಥೆ ಓದಿದೆ. ನಾನು ಇಲ್ಲಿ ಮದುವೆಯಾಗಲು ಬಂದಿಲ್ಲ. ದಮ್ಮಯ್ಯ ಅಂತೀನಿ, ಕಿವಿಯ ವಿಷಯ ಯಾರ ಹತ್ತಿರವೂ ಎತ್ತಬೇಡ. ಎಲ್ಲಾ ಹಾಡುಗಳ ತಿರುವು ಬಾಯಿಪಾಠ ಮಾಡುತ್ತಿದ್ದೇನೆ. ಇನ್ನು ಎರಡು ವಾರ ಸಿಕ್ಕರೆ ಕಿವಿಯೇ ಬೇಕಿಲ್ಲ.

ನಯನ


ಬಿಳಿಗೆರೆ
3 ಆಗಸ್ಟ್ 2024

ಚಿ॥ ನಯನಳಿಗೆ,

ನಿನ್ನಿಂದ ಪತ್ರ ಬಂದಿಲ್ಲ. ಎರಡು ಭಾನುವಾರ ಫೋನೂ ಇಲ್ಲ. ಅಂಚೆಯವನನ್ನು ದಾರಿಯಲ್ಲೇ ತಡೆದು ಕೇಳುತ್ತೇನೆ ಎಂದು ಈಗ ಅವನು ನಮ್ಮ ತೋಟದ ದಾರಿಯನ್ನೇ ಬಿಟ್ಟಿದ್ದಾನೆ.

ಒಂದು ಕೆಲಸ ಮಾಡಿದ್ದೇನೆ. ಮಾಡಿ ಹತ್ತು ದಿನದ ಮೇಲಾಯಿತು. ಟೆರಿಯವರಿಗೆ ಒಂದು ಪತ್ರ ಹಾಕಿದೆ. ನೀನಿರುವ ವಿಳಾಸವೇ ತಾನೆ. ಯೋಗಿತಾ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ಬರೆಯುವಾಗ, "ಮಾವ, ಇದು ನಯನಂಗೆ ಗೊತ್ತಾ?" ಅಂದಳು. "ಗೊತ್ತಾಗ್ತದೆ, ನೀನ್ ಬರಿ" ಎಂದೆ. "ಬ್ಯಾಡ ಕಣ್ ಮಾವ" ಎಂದಳು. ಆದರೂ ಬರೆಸಿದೆ.

ಬರೆಸಿದ್ದು ಇಷ್ಟೇ. ಸ್ವಾಮೀ, ನನ್ನ ಮಗಳಿಗೆ ಎಡಗಿವಿ ಕೇಳಿಸುವುದಿಲ್ಲ, ಹುಟ್ಟಿನಿಂದಲ್ಲ, ಮಂಗನಬಾವಿನಿಂದ. ಅವಳು ಅಭಿಮಾನಿ, ತಾನಾಗಿ ಹೇಳುವುದಿಲ್ಲ. ಇದನ್ನು ತಿಳಿದು ಒಪ್ಪಿದರೆ ಒಪ್ಪಿ, ಇಲ್ಲವಾದರೆ ಈಗಲೇ ಕಳುಹಿಸಿಕೊಡಿ. ಒಪ್ಪಿದ ಮೇಲೆ ಮಾತ್ರ, ನೀವು ಹಿಂದೆ ಮಾಡಿದ ಹಾಗೆ ನಡುನೀರಿನಲ್ಲಿ ಕೈ ಬಿಡಬೇಡಿ. ಜೊತೆಗೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಇಟ್ಟಿದ್ದೇನೆ.

ಕಳಿಸಿದ ದಿನ ಎದೆ ಹಗುರಾಗಿತ್ತು. ಈಗ ಇಲ್ಲ. ಏನಾಯಿತು ಬರಿ.

ನಿನ್ನ ಅಪ್ಪ


ಯಾರ್ಕ್‌ಷೈರ್
19 ಆಗಸ್ಟ್ 2024

ಶ್ರೀ ರವೀಂದ್ರ ಅವರಿಗೆ,

ಟೆರಿಗೆ ನೀವು ಬರೆಸಿದ ಪತ್ರ ತಲುಪಿತು. ಮಿಠಾಯಿಯೂ ತಲುಪಿತು.

ಊಟದ ಮೇಜಿನ ಹತ್ತಿರ ಟೆರಿ ಅದನ್ನು ಎಲ್ಲರ ಮುಂದೆ ಓದಿದರು. ಅವರಿಗೂ ಒಳಗೆ ಏನಿದೆ ಎಂದು ಗೊತ್ತಿರಲಿಲ್ಲ, ಅಪ್ಪನ ಪತ್ರ ಎಂದು ಖುಷಿಯಿಂದ ಒಡೆದರು. ಅರ್ಧಕ್ಕೆ ನಿಲ್ಲಿಸಿ ಉಳಿದರ್ಧ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ನನ್ನ ಎಡಕ್ಕೆ ಬಂದು ಏನೋ ಅಂದರು. ನನಗೆ ಕೇಳಿಸಲಿಲ್ಲ. ಬಲಕ್ಕೆ ಬಂದು, "ನಿಮ್ಮಪ್ಪ ಪ್ರಾಮಾಣಿಕ ಮನುಷ್ಯ, ನೀನು ಕಳ್ಳಿ" ಅಂದರು.

ಈಗ ಡ್ರಮ್ಮನ್ನು ಬಲಕ್ಕೆ ಬದಲಾಯಿಸಿದ್ದಾರೆ. ಗ್ರೇಸ್‌ಗೆ ಕೆಲಸ ಸಲೀಸಾಗಿದೆ. ನನಗೂ ಸಲೀಸಾಗಿದೆ, ಅದರ ಬಗ್ಗೆ ಸುಳ್ಳು ಹೇಳುವುದಿಲ್ಲ. ಆದರೆ ಮ್ಯಾನೇಜರ್ ಲಂಡನ್ನಿನಿಂದ ಇನ್ನೊಬ್ಬ ಬೇಸ್ ನುಡಿಸುವವನನ್ನು ಕರೆಸಿದ್ದಾರೆ. ಅವನು ದಿನವೂ ಮೂಲೆಯಲ್ಲಿ ಕುಳಿತು ನನ್ನ ಬೆರಳು ನೋಡಿ ಕಲಿಯುತ್ತಾನೆ. ಸೆಪ್ಟೆಂಬರ್ 27ಕ್ಕೆ ಲೀಡ್ಸ್‌ನಲ್ಲಿ ನಾನು ನುಡಿಸುತ್ತೇನೆ. ಅಲ್ಲಿ ಒಂದು ತಪ್ಪಾದರೆ ಮಾರನೆಯ ದಿನದಿಂದ ಅವನು.

ನನ್ನ ಕಿವಿ ನಿಮ್ಮ ಚೀಲದ ಕೊಬ್ಬರಿ ಅಲ್ಲ. ತೋರಿಸುವುದೋ ಬಿಡುವುದೋ ನನಗೆ ಸೇರಿದ್ದು.

ಇನ್ನು ಬರೆಯಬೇಡಿ.

ನಯನ ಆರ್.


ಬಿಳಿಗೆರೆ
8 ಸೆಪ್ಟೆಂಬರ್ 2024

ನಯನ,

ನಾನು ಅಮ್ಮ. ಬರೆದು ಅಭ್ಯಾಸ ತಪ್ಪಿದೆ, ಅಕ್ಷರ ಸೊಟ್ಟಗಿದ್ದರೆ ಸರಿ ಮಾಡಿಕೊಂಡು ಓದಿಕೋ.

ಗೌರಿ ಹಬ್ಬ ಆಯಿತು. ನಿನ್ನ ಪಾಲಿನ ಬಾಗಿನ ಎತ್ತಿಟ್ಟಿದ್ದೇನೆ. ನಿಮ್ಮಪ್ಪನಿಗೆ 'ಶ್ರೀ ರವೀಂದ್ರ ಅವರಿಗೆ' ಎಂದು ಬರೆದೆಯಲ್ಲ, ಅದೊಂದು ಸಾಲು ಓದಿ ಪತ್ರ ನನ್ನ ಕೈಗೆ ಕೊಟ್ಟು ತೋಟಕ್ಕೆ ಹೋದವರು ಕತ್ತಲಾಗುವ ತನಕ ಬರಲಿಲ್ಲ. ಬೈದದ್ದು ಸರಿ. ನಾನೂ ಬೈದಿದ್ದೇನೆ. "ನಿಮ್ಮ ಪ್ರಾಮಾಣಿಕತೆ ನಿಮ್ ನಿದ್ದೆಗೆ ಔಷ್ದಿ ಕಣ್ರೀ, ಮಗೀಗಲ್ಲ" ಎಂದು ಮುಖಕ್ಕೆ ಹೇಳಿದೆ. ಅದಕ್ಕೆ ಅವರು, "ಮುಚ್ಚಿಟ್ಟಿದ್ದು ಹೊರಗ್ ಬಂದ್ರೆ ಅವ್ಳು ಒಬ್ಳೇ ನಿಂತ್ಕಂಡಿರ್ತಾಳಲ್ಲೇ, ಅಲ್ಲಿ ಯಾರವ್ರೆ ಅವ್ಳಿಗೆ?" ಅಂದರು. ಅವರು ಮಾಡಿದ್ದು ತಪ್ಪು. ಹೆದರಿ ಮಾಡಿದ್ದು.

ನೀವಿಬ್ಬರೂ ಒಂದೇ ಅಚ್ಚು. ಅವರದ್ದು ಬಾಯಿ ಮುಚ್ಚಲ್ಲ, ನಿನ್ನದು ಬಾಯಿ ಬಿಡಲ್ಲ, ಅಷ್ಟೇ ವ್ಯತ್ಯಾಸ.

ನಾನು ಹೇಳುವುದು ಒಂದೇ. ಆ ಅಜ್ಜನಿಗೆ ಎಲ್ಲ ಚೆನ್ನಾಗಿದ್ದಾಗಲೇ ಓಡಿಹೋಗುವ ಬುದ್ಧಿ ಎಂದು ಯೋಗಿತಾ ಓದಿದಳಲ್ಲ. ಅದು ದುರಹಂಕಾರ ಅಲ್ಲ ಕಣೇ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ತೋಟದಲ್ಲಿ ಫಸಲು ಚೆನ್ನಾಗಿ ಬಂದ ವರ್ಷವೇ ಅವರಿಗೆ ನಿದ್ದೆ ಬರುವುದಿಲ್ಲ. ಅಂಥವರ ಜೊತೆ ಬಾಳುವುದು ಹೇಗೆ ಎಂದು ನನ್ನನ್ನು ಕೇಳು. ಅವರ ಗಾಬರಿಗೆಲ್ಲ ಕಿವಿ ಕೊಡಬಾರದು. ನಮ್ಮ ಪಾಡಿಗೆ ನಾವು ಕೈಲಿರುವ ಕೆಲಸ ಮಾಡುತ್ತಿರಬೇಕು.

ಚಟ್ನಿಪುಡಿ ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತಿದೆ. ಆ ಡ್ರಮ್ಮಿನ ಹುಡುಗಿಗೂ ಕೊಡು.

ಅಮ್ಮ
(ಗಂಗಲಕ್ಷ್ಮಿ)


ಬಿಳಿಗೆರೆ
16 ಸೆಪ್ಟೆಂಬರ್ 2024

ನಯನ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ಇದು ತಲುಪುವುದರೊಳಗೆ 27 ಕಳೆದಿರುತ್ತದೆಯೋ ಏನೋ.

ಅಟ್ಟದಿಂದ ಕಾಯಿ ಇಳಿಸುತ್ತಿದ್ದೇವೆ. ಸಣ್ಣತಿಮ್ಮಯ್ಯ ಸುಲಿಯಲು ಬಂದಿದ್ದಾನೆ. ಅವನು ಏನೇನೋ ಹೇಳುತ್ತಾನೆ, ನಾನು ಹೂಂ ಅನ್ನುತ್ತೇನೆ, ನನ್ನ ತಲೆ ಇಲ್ಲಿಲ್ಲ. ಆ ಹಾಡನ್ನು ಮೊಬೈಲಿಗೆ ಹಾಕಿಸಿಕೊಂಡಿದ್ದೇನೆ. ಅದರ ನಡುವೆ ಟೆರಿಯವರು ಹಾಡುವುದನ್ನು ಬಿಟ್ಟು ಸುಮ್ಮನಾಗುತ್ತಾರೆ, ಬೇಸ್ ಒಂದೇ ಹೋಗುತ್ತಿರುತ್ತದೆ. ಕೇಳಿದಾಗಲೆಲ್ಲ ಇಲ್ಲಿ ನಿಂತುಹೋಯಿತು, ಇನ್ನು ಬರುವುದಿಲ್ಲ ಅನ್ನಿಸುತ್ತದೆ. ಬರುತ್ತಾರೆ. ಪ್ರತಿ ಸಲವೂ ಬರುತ್ತಾರೆ, ಆದರೂ ಪ್ರತಿ ಸಲವೂ ಹೆದರುತ್ತೇನೆ.

ನಿನ್ನ ಮಾತು ನಿನ್ನದಾಗಿತ್ತು. ನಾನು ಆಡಬಾರದಿತ್ತು.

ಅಪ್ಪ


ಲೀಡ್ಸ್
29 ಸೆಪ್ಟೆಂಬರ್ 2024

ಅಪ್ಪಾ,

ನಿನ್ನ ಪತ್ರ 26ಕ್ಕೇ ಬಂತು. ಓದಲಿಲ್ಲ. ಜೇಬಿನಲ್ಲಿಟ್ಟುಕೊಂಡು ವೇದಿಕೆ ಹತ್ತಿದೆ. ಇವತ್ತು ಓದಿದೆ.

ನಡೆದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಟೆರಿಯ ವಯಸ್ಸಿನವರು, ಹಿಂದೆ ನನಗಿಂತ ಚಿಕ್ಕವರು. ಪರದೆಯ ಪಕ್ಕದಲ್ಲಿ ಲಂಡನ್ನಿನವನು ಗಿಟಾರ್ ಕೊರಳಿಗೆ ಹಾಕಿಕೊಂಡೇ ನಿಂತಿದ್ದ. ಮೊದಲೆರಡು ಹಾಡು ಚೆನ್ನಾಗಿ ಆಯಿತು. ಚೆನ್ನಾಗಿ ಅಂದರೆ, ಅಪ್ಪ, ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಮೂರನೆಯದು ಆ ಬಸ್ ಸ್ಟಾಪಿನ ಹಾಡು. ಟೆರಿ ಸುಮ್ಮನಾಗುವ ಜಾಗ ಬಂತು. ನಾನು ನುಡಿಸುತ್ತಿದ್ದೆ. ಅವರು ಮತ್ತೆ ಹಾಡಬೇಕಾದ ಜಾಗ ಬಂತು, ಹಾಡಲಿಲ್ಲ. ಇನ್ನೊಂದು ಸುತ್ತು ಹೋದೆ. ಆಗಲೂ ಇಲ್ಲ. ಓರೆಗಣ್ಣಲ್ಲಿ ನೋಡಿದರೆ ಮುಖ ಸುಣ್ಣದ ಹಾಗಾಗಿತ್ತು. ಮೈಕು ಬಿಟ್ಟು ನನ್ನ ಹತ್ತಿರ ಬಂದರು. ಹಳೇ ಅಭ್ಯಾಸದಂತೆ ಎಡಕ್ಕೆ ನಿಂತು, ನನ್ನತ್ತ ಬಾಗಿ ಏನೋ ಹೇಳಿದರು. ನಾನು ನುಡಿಸುತ್ತಲೇ ಇದ್ದೆ. ಇನ್ನೊಂದು ಸಲ ಹೇಳಿದರು. ನಾನು ತಂತಿ ನೋಡುತ್ತಿದ್ದೆ. ಬಲಕ್ಕಿದ್ದ ಗ್ರೇಸ್ ನನ್ನ ಬೆರಳನ್ನೇ ನೋಡುತ್ತಿದ್ದಳು, ಅವಳೂ ನಿಲ್ಲಿಸಲಿಲ್ಲ. ಟೆರಿ ವೇದಿಕೆಯ ಅಂಚಿನ ತನಕ ಹೋದರು. ಅಲ್ಲಿ ನಿಂತರು. ಯಾರೂ ನಿಲ್ಲಿಸಿರಲಿಲ್ಲ, ಹಾಗಾಗಿ ಹೋಗುವುದು ಹೇಗೆ ಎಂದು ಅವರಿಗೆ ಗೊತ್ತಾಗಲಿಲ್ಲ ಅನ್ನಿಸುತ್ತದೆ. ಎಷ್ಟು ಹೊತ್ತೋ ಏನೋ, ನನ್ನ ತೋಳು ಬಿದ್ದುಹೋಗುತ್ತದೆ ಅನ್ನಿಸಿತು. ಜನ ಇದೆಲ್ಲ ಹಾಡಿನದ್ದೇ ಭಾಗ ಎಂದುಕೊಂಡಿದ್ದರು. ಆಮೇಲೆ ಅವರು ತಿರುಗಿ ಬಂದು, ಆ ಮಡಚಿದ ಬೆರಳಲ್ಲಿ ಮೈಕು ಹಿಡಿದು, ಉಳಿದ ಹಾಡು ಹಾಡಿದರು. ಅದಾದ ಮೇಲೆ ಉಳಿದ ಹಾಡುಗಳನ್ನೂ ಹಾಡಿ ಮುಗಿಸಿದರು.

ಒಳಗೆ ಬಂದ ಮೇಲೆ ನನ್ನನ್ನು ಕೂರಿಸಿಕೊಂಡು ಕೇಳಿದರು, "ನಿಲ್ಲಿಸು ಅಂದೆನಲ್ಲ, ಕೇಳಿಸಲಿಲ್ಲವಾ?" ನಾನು, "ಯಾವ ಕಡೆಯಿಂದ ಹೇಳಿದಿರಿ?" ಎಂದೆ. ಅವರು ನನ್ನ ಎಡಗಿವಿ ನೋಡಿದರು. ಹಣೆ ಹಣೆ ಚಚ್ಚಿಕೊಂಡು ನಕ್ಕರು. ನಗುತ್ತ ನಗುತ್ತ ಅತ್ತರು. ತಾವು ನಿಲ್ಲಿಸು ಅಂದಾಗ ನಿಲ್ಲಿಸದೆ ಇದ್ದವರು ಇಷ್ಟು ವರ್ಷದಲ್ಲಿ ಒಬ್ಬರೂ ಇರಲಿಲ್ಲ ಅಂದರು. ಲಂಡನ್ನಿನವನು ಬೆಳಿಗ್ಗೆ ರೈಲಿಗೆ ಹೋದ. ನಾಳೆ ಗ್ಲಾಸ್ಗೋದಲ್ಲಿ ನಾನೇ.

ನಿನ್ನ ಮೇಲೆ ಕೋಪ ಇನ್ನೂ ಇದೆ. ಆದರೆ ನೀನು ಬರೆಯದೆ ಇದ್ದಿದ್ದರೆ ನನಗೆ ಕೇಳಿಸಲಿಲ್ಲ ಎಂಬುದನ್ನು ಅವರು ನಂಬುತ್ತಿರಲಿಲ್ಲ. ಅದಕ್ಕೇ ನಿನಗೊಬ್ಬನಿಗೇ ಹೇಳುತ್ತಿದ್ದೇನೆ, ಅಮ್ಮನಿಗೂ ಅಲ್ಲ. ನಾನು ಅವರ ತುಟಿ ನೋಡಿದ್ದೆ. ಎರಡು ಸಲವೂ ನೋಡಿದ್ದೆ.

ನಿನ್ನ ಕಾಲಿಗೆ ಬೀಳುತ್ತೇನೆ ಅಪ್ಪ, ಇದನ್ನು ಮಾತ್ರ ಅವರಿಗೆ ಬರೆಯಬೇಡ.

ನಿನ್ನ ಮಗಳು,
ನಯನ